ಲೈಫ್ ಕೇರ್ ಪ್ಲಾನರ್‌ಗಳ ವೃತ್ತಿ ಮಾನದಂಡ: ಪರಿಷ್ಕರಿಸುವುದು ಹೇಗೆ, ಎಲ್ಲರಿಗೂ ತಲುಪಿಸುವುದು ಹೇಗೆ?

ಬೆನ್ನುಹುರಿಗೆ ಪೆಟ್ಟು ಬಿದ್ದ ಇಪ್ಪತ್ತು ವರ್ಷದ ಹುಡುಗನಿಗೆ ಮುಂದಿನ ನಲವತ್ತು, ಐವತ್ತು ವರ್ಷ ಏನೇನು ಬೇಕಾಗುತ್ತದೆ? ಗಾಲಿಕುರ್ಚಿ ಎಷ್ಟು ವರ್ಷಕ್ಕೊಮ್ಮೆ ಬದಲಾಗಬೇಕು? ದಿನಕ್ಕೆ ಎಷ್ಟು ಗಂಟೆ ಜೊತೆಗೆ ಯಾರಾದರೂ ಇರಬೇಕು? ಕ್ಯಾಥೆಟರ್, ಫಿಸಿಯೋಥೆರಪಿ, ಮನೆಯ ಬಾಗಿಲು ಅಗಲ ಮಾಡಿಸುವ ಖರ್ಚು, ಇವೆಲ್ಲ ಎಷ್ಟಾಗುತ್ತವೆ? ಇದನ್ನು ಒಂದೊಂದಾಗಿ ಲೆಕ್ಕ ಹಾಕಿ, ಪ್ರತಿ ಲೆಕ್ಕಕ್ಕೂ ಆಧಾರ ಕೊಟ್ಟು ಬರೆಯುವ ದಾಖಲೆಯೇ ಲೈಫ್ ಕೇರ್ ಪ್ಲಾನ್. ಅಮೆರಿಕದಲ್ಲಿ ಇದು ಒಂದು ವೃತ್ತಿ. ನರ್ಸ್‌ಗಳು, ರಿಹ್ಯಾಬಿಲಿಟೇಶನ್ ಕೌನ್ಸೆಲರ್‌ಗಳು, ಥೆರಪಿಸ್ಟ್‌ಗಳು, ವೈದ್ಯರು ಈ ಕೆಲಸ ಮಾಡುತ್ತಾರೆ. ಅವರು ಬರೆದ ಪ್ಲಾನ್ ಎಷ್ಟೋ ಸಲ ಕೋರ್ಟಿಗೆ ಹೋಗುತ್ತದೆ. ಪರಿಹಾರದ ಮೊತ್ತ ಅದರ ಮೇಲೆ ನಿಲ್ಲುತ್ತದೆ.

ಈ ವೃತ್ತಿಗೆ ಬರವಣಿಗೆಯಲ್ಲಿರುವ ಮಾನದಂಡಗಳಿವೆ. ಇಂಟರ್‌ನ್ಯಾಷನಲ್ ಅಕಾಡೆಮಿ ಆಫ್ ಲೈಫ್ ಕೇರ್ ಪ್ಲಾನರ್ಸ್ ಸಂಸ್ಥೆಯ ಮಾನದಂಡ 2000ದಲ್ಲಿ ಮೊದಲು ಬಂತು. ಆಮೇಲೆ 2006, 2015, 2022ರಲ್ಲಿ ಹೊಸ ಆವೃತ್ತಿಗಳು ಬಂದವು. ನರ್ಸ್ ಪ್ಲಾನರ್‌ಗಳಿಗೆ, ವೈದ್ಯ ಪ್ಲಾನರ್‌ಗಳಿಗೆ ಬೇರೆ ಸಂಘಗಳಿವೆ. ಇದಲ್ಲದೆ 2000ದಿಂದ ಬೇರೆ ಬೇರೆ ಹಿನ್ನೆಲೆಯ ಪ್ಲಾನರ್‌ಗಳು ಸಮಿಟ್‌ಗಳಲ್ಲಿ ಸೇರಿ ಚರ್ಚಿಸಿ ಒಪ್ಪಿಕೊಂಡ ಹೇಳಿಕೆಗಳನ್ನು 2018ರಲ್ಲಿ ಒಂದು ಕಡೆ ಸೇರಿಸಿ ಪ್ರಕಟಿಸಿದರು.

ಇಂಥ ಪರಿಷ್ಕರಣೆ ಸಮಿತಿಗೆ ನಿಮ್ಮನ್ನು ಕರೆದರೆ ಏನು ಮಾಡಬೇಕು? ಅಥವಾ ನಿಮ್ಮ ಕಚೇರಿಯಲ್ಲೇ ಹತ್ತು ಜನ ಪ್ಲಾನರ್‌ಗಳಿಗೆ ಒಂದು ಆಂತರಿಕ ಮಾನದಂಡ ಬರೆಯಬೇಕಾದರೆ? ಅಮೆರಿಕದಲ್ಲಿ ನರ್ಸಿಂಗ್‌ನಲ್ಲೋ ಥೆರಪಿಯಲ್ಲೋ ಇರುವ ಕನ್ನಡಿಗರಿಗೆ ಈ ಕೆಲಸ ಎದುರಾಗಬಹುದು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಒತ್ತಿ ಹೇಳುವುದು ಒಂದೇ ಮಾತು: ಮಾನದಂಡದ ಪ್ರತಿ ಸಾಲಿನ ಜೊತೆ ಅದರ ಕಾರಣವೂ ಇರಬೇಕು. ಕಾರಣ ಗೊತ್ತಿಲ್ಲದ ನಿಯಮವನ್ನು ಯಾರೂ ಸರಿಯಾಗಿ ಪಾಲಿಸುವುದಿಲ್ಲ, ತಿದ್ದುವುದಕ್ಕೂ ಆಗುವುದಿಲ್ಲ.

1. ಹಳೆಯದನ್ನು ಸಾಲು ಸಾಲಾಗಿ ಬಿಡಿಸಿ

ಹೊಸ ಆವೃತ್ತಿ ಅಂದ ತಕ್ಷಣ ಖಾಲಿ ಹಾಳೆ ತೆಗೆದುಕೊಂಡು ಕೂರಬೇಡಿ. ಈಗಿರುವ ಮಾನದಂಡವನ್ನು ಒಂದು ಸ್ಪ್ರೆಡ್‌ಶೀಟಿಗೆ ಹಾಕಿ. ಒಂದು ಹೇಳಿಕೆಗೆ ಒಂದು ಸಾಲು. ಪಕ್ಕದಲ್ಲಿ ನಾಲ್ಕು ಕಾಲಂ ಮಾಡಿ. ಇದು ಯಾಕೆ ಬಂತು? ಈಗಲೂ ಸರಿ ಇದೆಯಾ? ಯಾರಾದರೂ ಇದನ್ನು ಪ್ರಶ್ನೆ ಮಾಡಿದ್ದಾರಾ? ಇದನ್ನು ಪಾಲಿಸಿದ್ದಾರೆ ಅಂತ ಪ್ಲಾನ್ ನೋಡಿ ಹೇಳಬಹುದಾ?

ಕೊನೆಯ ಪ್ರಶ್ನೆ ಬಹಳ ಮುಖ್ಯ. 'ಪ್ಲಾನರ್ ವಸ್ತುನಿಷ್ಠವಾಗಿರಬೇಕು' ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಓದಲು ಚೆನ್ನಾಗಿದೆ. ಆದರೆ ಒಂದು ಪ್ಲಾನ್ ಕೈಯಲ್ಲಿ ಹಿಡಿದು ಇದು ವಸ್ತುನಿಷ್ಠವಾ ಅಂತ ಹೇಗೆ ಹೇಳುತ್ತೀರಿ? ಅದರ ಬದಲು 'ವೈದ್ಯರ ಅಭಿಪ್ರಾಯಗಳು ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ದಾಖಲಿಸಬೇಕು, ಯಾವುದನ್ನು ಯಾಕೆ ಆರಿಸಿದೆ ಅಂತ ಬರೆಯಬೇಕು' ಅಂದರೆ ಪುಟ ತಿರುವಿ ನೋಡಬಹುದು. ಮೊದಲ ಸುತ್ತಿನಲ್ಲೇ ಇಂಥ ಅಸ್ಪಷ್ಟ ಸಾಲುಗಳಿಗೆಲ್ಲ ಬಣ್ಣ ಹಚ್ಚಿಡಿ. ಕಾರಣ ಸಿಗದ ಸಾಲುಗಳಿಗೆ ಇನ್ನೊಂದು ಬಣ್ಣ. ಹಿಂದಿನ ಸಮಿತಿಯಲ್ಲಿದ್ದ ಹಿರಿಯರಿಗೆ ಫೋನ್ ಮಾಡಿ ಕೇಳಿ. ಅವರು ನಿವೃತ್ತರಾಗುವ ಮುಂಚೆ ಕೇಳುವುದು ಒಳ್ಳೆಯದು.

2. ಹೊರಗೆ ಏನು ಬದಲಾಗಿದೆ ಅಂತ ಪಟ್ಟಿ ಮಾಡಿ

ಸಮಿತಿಯವರಿಗೆ ಇಷ್ಟವಿಲ್ಲದ್ದನ್ನು ತೆಗೆಯುವುದಕ್ಕೆ ಪರಿಷ್ಕರಣೆ ಬೇಕಾಗಿಲ್ಲ. ಹೊರಗಿನ ಜಗತ್ತಿನಲ್ಲಿ ಏನೋ ಬದಲಾಗಿದೆ, ಮಾನದಂಡ ಅದಕ್ಕೆ ಉತ್ತರ ಕೊಡುತ್ತಿಲ್ಲ ಅನ್ನುವಾಗ ಬೇಕು. ಈಚಿನ ಕೆಲವು ವರ್ಷಗಳಲ್ಲಿ ಅಂಥವು ತುಂಬಾ ಆಗಿವೆ.

2020ರ ನಂತರ ವಿಡಿಯೋ ಕರೆಯಲ್ಲಿ ಸಂದರ್ಶನ ಮಾಡುವುದು ರೂಢಿಯಾಯಿತು. 2021ರ ಜನವರಿ 1ರಿಂದ ಅಮೆರಿಕದ ಆಸ್ಪತ್ರೆಗಳು ತಮ್ಮ ದರಗಳನ್ನು ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ನಿಯಮ ಬಂತು. ಮುಂಚೆ ಫೋನ್ ಮಾಡಿ ಕೇಳುತ್ತಿದ್ದ ಬೆಲೆ ಈಗ ದೊಡ್ಡ ದೊಡ್ಡ ಫೈಲ್‌ಗಳಲ್ಲಿ ಸಿಗುತ್ತದೆ. ಒಂದೇ ಎಂಆರ್‌ಐಗೆ ವಿಮಾ ಕಂಪನಿಗೊಂದು ಬೆಲೆ, ಕೈಯಿಂದ ಕಟ್ಟುವವರಿಗೆ ಇನ್ನೊಂದು ಬೆಲೆ. ಇವುಗಳಲ್ಲಿ ಯಾವುದನ್ನು ಪ್ಲಾನ್‌ಗೆ ತೆಗೆದುಕೊಳ್ಳಬೇಕು ಅನ್ನುವುದು ನಿಜವಾದ ಪ್ರಶ್ನೆ.

ಕೋರ್ಟಿನ ಕಡೆಯೂ ನೋಡಿ. ತಜ್ಞರ ಸಾಕ್ಷ್ಯ ವಿಶ್ವಾಸಾರ್ಹವಾ ಅಂತ ನ್ಯಾಯಾಧೀಶರೇ ಮೊದಲು ಪರೀಕ್ಷಿಸಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1993ರ ಡಾಬರ್ಟ್ ತೀರ್ಪಿನಲ್ಲಿ ಹೇಳಿತು. ಅಲ್ಲಿನ ಫೆಡರಲ್ ಕೋರ್ಟುಗಳಲ್ಲಿ ತಜ್ಞರ ಸಾಕ್ಷ್ಯಕ್ಕೆ ಅನ್ವಯಿಸುವ ಸಾಕ್ಷ್ಯ ನಿಯಮ 702ಕ್ಕೆ 2023ರ ಡಿಸೆಂಬರ್ 1ರಿಂದ ತಿದ್ದುಪಡಿ ಬಂದಿದೆ. ಸಾಕ್ಷ್ಯಕ್ಕೆ ಸಾಕಷ್ಟು ಆಧಾರ ಇದೆ, ಸರಿಯಾದ ವಿಧಾನವನ್ನು ಸರಿಯಾಗಿ ಬಳಸಲಾಗಿದೆ ಅನ್ನುವುದನ್ನು ತಜ್ಞರನ್ನು ಕರೆತಂದವರೇ ತೋರಿಸಿಕೊಡಬೇಕು ಅನ್ನುವುದು ಈಗ ಇನ್ನಷ್ಟು ಸ್ಪಷ್ಟವಾಗಿದೆ. ಪ್ಲಾನರ್ ಪಾಟೀಸವಾಲಿಗೆ ನಿಂತಾಗ ಎದುರಿನ ವಕೀಲರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, 'ನಿಮ್ಮ ವೃತ್ತಿಯ ಮಾನದಂಡ ಏನು ಹೇಳುತ್ತದೆ? ನೀವು ಅದರಂತೆ ಮಾಡಿದ್ದೀರಾ?' ಅನ್ನುವುದು.

ಎಐ ಉಪಕರಣಗಳನ್ನೂ ಮರೆಯಬೇಡಿ. ಸಾವಿರಾರು ಪುಟಗಳ ವೈದ್ಯಕೀಯ ದಾಖಲೆಯ ಸಾರಾಂಶವನ್ನು ಅವು ನಿಮಿಷಗಳಲ್ಲಿ ಕೊಡುತ್ತವೆ. ಅದರಲ್ಲಿ ಒಂದು ಅಲರ್ಜಿಯೋ, ಹಳೆಯ ಆಪರೇಷನ್ನೋ ಬಿಟ್ಟುಹೋದರೆ ಹೊಣೆ ಯಾರದು? ಮಾನದಂಡ ಇದಕ್ಕೆ ಉತ್ತರ ಕೊಡಬೇಕು.

3. ಸಮಿತಿಯಲ್ಲಿ ಯಾರಿರಬೇಕು

ಬರೀ ಹಿರಿಯ ಪ್ಲಾನರ್‌ಗಳೇ ತುಂಬಿದ ಸಮಿತಿ ಬೇಡ. ಹೊಸದಾಗಿ ಪ್ರಮಾಣಪತ್ರ ಪಡೆದವರು ಒಬ್ಬರಾದರೂ ಇರಲಿ. ಯಾವ ಸಾಲು ಅರ್ಥವಾಗುವುದಿಲ್ಲ ಅಂತ ಅವರೇ ಹೇಳುತ್ತಾರೆ. ನರ್ಸ್, ಕೌನ್ಸೆಲರ್, ಥೆರಪಿಸ್ಟ್, ವೈದ್ಯರು, ಎಲ್ಲ ಹಿನ್ನೆಲೆಯವರೂ ಬೇಕು. ಪ್ಲಾನ್‌ನಲ್ಲಿರುವ ಮುಂದಿನ ವರ್ಷಗಳ ಖರ್ಚಿಗೆ ಇವತ್ತು ಎಷ್ಟು ದುಡ್ಡು ಬೇಕು ಅಂತ ಲೆಕ್ಕ ಹಾಕುವ ಅರ್ಥಶಾಸ್ತ್ರಜ್ಞರನ್ನು ಸಲಹೆಗಾದರೂ ಕರೆಯಿರಿ. ಗಾಯಗೊಂಡವರ ಪರವಾಗಿಯೇ ಹೆಚ್ಚು ಕೆಲಸ ಮಾಡುವವರೂ, ವಿಮಾ ಕಂಪನಿಗಳ ಪರವಾಗಿ ಹೆಚ್ಚು ಕೆಲಸ ಮಾಡುವವರೂ ಒಂದೇ ಮೇಜಿನಲ್ಲಿ ಕೂತರೆ ಮಾತ್ರ ಆ ಮಾನದಂಡಕ್ಕೆ ಬೆಲೆ.

ಇನ್ನೂ ಒಂದು ಕುರ್ಚಿ ಬೇಕು. ಅಂಗವೈಕಲ್ಯದ ಜೊತೆ ಬದುಕುತ್ತಿರುವವರಿಗೆ, ಅಥವಾ ಅಂಥ ಮಗುವನ್ನು ಬೆಳೆಸುತ್ತಿರುವ ತಾಯಿಗೋ ತಂದೆಗೋ. ಸುಮ್ನೆ ಹೆಸರಿಗೆ ಕೂರಿಸಬೇಡಿ. ಮತ ಕೊಡಿ, ಖರ್ಚು ಕೊಡಿ, ಅವರಿಗೆ ಅನುಕೂಲವಾದ ಹೊತ್ತಿಗೆ ಸಭೆ ಇಡಿ. ಬೆಳಗ್ಗೆ ಹತ್ತು ಗಂಟೆಗೆ ತಯಾರಾಗಬೇಕಾದರೆ ಗಾಲಿಕುರ್ಚಿಯಲ್ಲಿರುವವರು ಎಷ್ಟು ಗಂಟೆಗೆ ಏಳಬೇಕು ಅಂತ ಕೇಳಿ ನೋಡಿ. ಪ್ಲಾನ್‌ನಲ್ಲಿ ಸಹಾಯಕರ ಗಂಟೆ ಲೆಕ್ಕ ಯಾಕೆ ತಪ್ಪುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಸಮಿತಿಯ ಪ್ರತಿಯೊಬ್ಬರೂ ತಮ್ಮ ಆದಾಯ ಎಲ್ಲಿಂದ ಬರುತ್ತದೆ ಅಂತ ಬರೆದುಕೊಡಬೇಕು. ಬೆಲೆಗಳ ಡೇಟಾಬೇಸ್ ಮಾರುವ ಕಂಪನಿಯಲ್ಲಿ ಪಾಲು ಇರುವವರು ಬೆಲೆಯ ಅಧ್ಯಾಯಕ್ಕೆ ಮತ ಹಾಕಬಾರದು. ಚರ್ಚೆಯಲ್ಲಿ ಮಾಹಿತಿ ಕೊಡಲಿ, ಅಷ್ಟೆ.

4. ಒಮ್ಮತ ಮೂಡಿಸುವ ವಿಧಾನವನ್ನು ಮೊದಲೇ ಬರೆದಿಡಿ

ಹತ್ತು ಜನ ಕೂತು ಮಾತಾಡಿದರೆ ಜೋರಾಗಿ ಮಾತಾಡುವವರ ಅಭಿಪ್ರಾಯ ಗೆಲ್ಲುತ್ತದೆ. ಅದನ್ನು ತಪ್ಪಿಸಲು ಡೆಲ್ಫಿ ವಿಧಾನ ಇದೆ. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಹುಟ್ಟಿದ ವಿಧಾನ ಇದು. ಈಗ ಆರೋಗ್ಯ ಕ್ಷೇತ್ರದ ಮಾರ್ಗಸೂಚಿಗಳಿಗೆ ಬಹಳ ಬಳಕೆಯಲ್ಲಿದೆ.

ಮಾಡುವುದು ಹೀಗೆ. ಹೇಳಿಕೆಗಳ ಪಟ್ಟಿಯನ್ನು ತಜ್ಞರ ಗುಂಪಿಗೆ ಕಳಿಸಿ. ಒಂದೊಂದಕ್ಕೂ 1ರಿಂದ 9ರವರೆಗೆ ಅಂಕ ಕೊಡಲಿ, ಕಾರಣವನ್ನೂ ಬರೆಯಲಿ. ಯಾರು ಏನು ಹೇಳಿದರು ಅಂತ ಬೇರೆಯವರಿಗೆ ಗೊತ್ತಾಗಬಾರದು. ಎರಡನೇ ಸುತ್ತಿನಲ್ಲಿ ಗುಂಪಿನ ಒಟ್ಟು ಫಲಿತಾಂಶವನ್ನೂ, ಹೆಸರಿಲ್ಲದ ಕಾರಣಗಳನ್ನೂ ಜೊತೆಗಿಟ್ಟು ಮತ್ತೆ ಕಳಿಸಿ. ಒಳ್ಳೆಯ ವಾದ ಓದಿದವರು ಅಂಕ ಬದಲಿಸುತ್ತಾರೆ. ಎರಡು ಮೂರು ಸುತ್ತಿನಲ್ಲಿ ಚಿತ್ರ ಸ್ಪಷ್ಟವಾಗುತ್ತದೆ.

ಇಲ್ಲಿ ಎರಡು ವಿಷಯದಲ್ಲಿ ರಾಜಿ ಬೇಡ. ಒಮ್ಮತ ಅಂದರೆ ಶೇ. 75ರಷ್ಟು ಜನ 7 ಅಥವಾ ಹೆಚ್ಚು ಅಂಕ ಕೊಡುವುದೋ, ಶೇ. 80ರಷ್ಟೋ ಅಂತ ಮೊದಲ ಸುತ್ತು ಶುರುವಾಗುವ ಮುಂಚೆಯೇ ಬರೆದು ಪ್ರಕಟಿಸಿ. ಫಲಿತಾಂಶ ನೋಡಿದ ಮೇಲೆ ಗೆರೆ ಎಳೆದರೆ ಯಾರೂ ನಂಬುವುದಿಲ್ಲ. ಇನ್ನೊಂದು, ಒಮ್ಮತ ಸಿಗದ ಹೇಳಿಕೆಯನ್ನು ಕಸದ ಬುಟ್ಟಿಗೆ ಹಾಕಬೇಡಿ. 'ಈ ವಿಷಯದಲ್ಲಿ ವೃತ್ತಿಯಲ್ಲಿ ಎರಡು ಅಭಿಪ್ರಾಯ ಇದೆ, ಪ್ಲಾನರ್ ತಾನು ಯಾವುದನ್ನು ಪಾಲಿಸಿದೆ ಅಂತ ಹೇಳಬೇಕು' ಅಂತ ಬರೆಯುವುದು ಪ್ರಾಮಾಣಿಕತೆ. 2018ರ ಪ್ರಕಟಣೆಯಲ್ಲಿ ಎಲ್ಲರೂ ಒಪ್ಪಿದ್ದು ಯಾವುದು, ಬಹುಮತದಿಂದ ಬಂದದ್ದು ಯಾವುದು ಅಂತ ಬೇರೆ ಮಾಡಿ ತೋರಿಸಿದ್ದು ನನಗೆ ಈ ಕಾರಣಕ್ಕೇ ಇಷ್ಟ.

5. ಈಗ ಬರೆಯಿರಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಮೊದಲು ಮೂರು ಪದಗಳನ್ನು ಗಟ್ಟಿ ಮಾಡಿಕೊಳ್ಳಿ: ಕಡ್ಡಾಯ, ಸೂಕ್ತ, ಐಚ್ಛಿಕ. ಕಡ್ಡಾಯ ಅಂದರೆ ಬಿಟ್ಟರೆ ಪ್ಲಾನ್ ಮಾನದಂಡಕ್ಕೆ ಹೊಂದುವುದಿಲ್ಲ. ಸೂಕ್ತ ಅಂದರೆ ಬಿಡಬಹುದು, ಆದರೆ ಕಾರಣ ಬರೆಯಬೇಕು. ಐಚ್ಛಿಕ ಅಂದರೆ ನಿಮ್ಮಿಷ್ಟ. ಇಂಟರ್ನೆಟ್ ತಾಂತ್ರಿಕ ನಿಯಮಗಳಲ್ಲಿ ಇದೇ ಪದ್ಧತಿಯನ್ನು 1997ರಿಂದ ಪಾಲಿಸುತ್ತಿದ್ದಾರೆ. ಅದನ್ನು ವಿವರಿಸುವ ದಾಖಲೆ ಆರ್‌ಎಫ್‌ಸಿ 2119, ಸಾಫ್ಟ್‌ವೇರ್‌ನಲ್ಲಿರುವ ನಮ್ಮವರಿಗೆ ಚೆನ್ನಾಗಿ ಗೊತ್ತು. ಒಳ್ಳೆಯ ಪದ್ಧತಿ ಎಲ್ಲಿದ್ದರೂ ತೆಗೆದುಕೊಳ್ಳಬಹುದು, ಅಲ್ವಾ?

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ವಿಡಿಯೋ ಕರೆಯಲ್ಲಿ ಮನೆ ನೋಡುವ ವಿಷಯ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: 'ಸೂಕ್ತವಾದಲ್ಲಿ ಪ್ಲಾನರ್ ದೂರದಿಂದ ಮೌಲ್ಯಮಾಪನ ಮಾಡಬಹುದು.' ಇದು ಏನನ್ನೂ ಹೇಳುವುದಿಲ್ಲ. ಈಗ ಕೆಲಸವನ್ನು ಕಣ್ಣಮುಂದೆ ತಂದುಕೊಳ್ಳಿ. ಅಮ್ಮ ಫೋನ್ ಹಿಡಿದು ಮನೆ ತೋರಿಸುತ್ತಿದ್ದಾರೆ. ಬಚ್ಚಲಿನ ಬಾಗಿಲು ಕಾಣುತ್ತದೆ. ಅಗಲ ಎಷ್ಟು? ಕ್ಯಾಮೆರಾದಲ್ಲಿ ಗೊತ್ತಾಗುವುದಿಲ್ಲ. ಅಮೆರಿಕದ ಅಂಗವಿಕಲರ ಹಕ್ಕಿನ ಕಾಯ್ದೆಯ (ಎಡಿಎ) ಮಾನದಂಡದ ಪ್ರಕಾರ ಸಾರ್ವಜನಿಕ ಕಟ್ಟಡದ ಬಾಗಿಲು ತೆರೆದಾಗ ಕನಿಷ್ಠ 32 ಇಂಚು ಜಾಗ ಸಿಗಬೇಕು. ಇಳಿಜಾರು 12 ಇಂಚು ಉದ್ದಕ್ಕೆ 1 ಇಂಚಿಗಿಂತ ಹೆಚ್ಚು ಏರಬಾರದು. ಖಾಸಗಿ ಮನೆಗೆ ಅದು ಕಡ್ಡಾಯವಲ್ಲ. ಆದರೂ ಗಾಲಿಕುರ್ಚಿ ಹೋಗುತ್ತದಾ ಅಂತ ನೋಡಲು ಅದೇ ಅಳತೆ ಕೈಗೆ ಸಿಗುತ್ತದೆ. 30 ಇಂಚಿನ ಬಾಗಿಲನ್ನು 32 ಅಂದುಕೊಂಡರೆ ಗೋಡೆ ಒಡೆಯುವ ಖರ್ಚು ಪ್ಲಾನ್‌ನಲ್ಲಿ ಬರುವುದೇ ಇಲ್ಲ. ಆ ಕುಟುಂಬಕ್ಕೆ ಆ ದುಡ್ಡು ಮತ್ತೆ ಸಿಗುವುದಿಲ್ಲ.

ಆದ್ದರಿಂದ ಸಾಲು ಹೀಗಾಗಬೇಕು: 'ಮನೆಯನ್ನು ವಿಡಿಯೋದಲ್ಲಿ ನೋಡಿದ್ದರೆ ಪ್ಲಾನ್‌ನಲ್ಲಿ ಹಾಗೆಂದು ಹೇಳುವುದು ಕಡ್ಡಾಯ. ಬಾಗಿಲು, ಬಚ್ಚಲು, ಮೆಟ್ಟಿಲುಗಳ ಅಳತೆಯನ್ನು ಯಾರು ತೆಗೆದರು, ಯಾವ ದಿನ ತೆಗೆದರು ಅಂತ ದಾಖಲಿಸುವುದು ಕಡ್ಡಾಯ. ಅಳತೆ ಸಿಗದಿದ್ದರೆ ಆ ಬಾಬ್ತನ್ನು ಖುದ್ದು ಪರಿಶೀಲನೆಗೆ ಬಾಕಿ ಎಂದು ಗುರುತಿಸುವುದು ಕಡ್ಡಾಯ.' ಕೆಳಗೆ ಕಾರಣವನ್ನು ಒಂದೆರಡು ವಾಕ್ಯದಲ್ಲಿ ಬರೆಯಿರಿ.

ಬೆಲೆಯ ವಿಷಯದಲ್ಲೂ ಹೀಗೆಯೇ. ಈಗಾಗಲೇ ಒಪ್ಪಿಕೊಂಡಿರುವ ಪದ್ಧತಿ ಇದೆ. ಬೆಲೆಗಳನ್ನು ಯಾರು ಬೇಕಾದರೂ ಪರಿಶೀಲಿಸುವಂತಿರಬೇಕು. ಆ ವ್ಯಕ್ತಿ ಇರುವ ಊರಿಗೆ ಹೊಂದಬೇಕು. ರಿಯಾಯಿತಿ ಇಲ್ಲದ ಮಾರುಕಟ್ಟೆ ಬೆಲೆಯಾಗಿರಬೇಕು. ಸಾಧ್ಯವಿದ್ದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೇಳಿರಬೇಕು. ಪರಿಷ್ಕರಣೆಯಲ್ಲಿ ನೀವು ಸೇರಿಸಬಹುದಾದದ್ದು ದಿನಾಂಕ ಮತ್ತು ದಾರಿ. ಯಾವ ದಿನದ ಬೆಲೆ? ಆಸ್ಪತ್ರೆ ಹಾಕಿದ ಫೈಲಿನ ಯಾವ ಕಾಲಂನಿಂದ ತೆಗೆದದ್ದು? ಇದೇ ರೀತಿ, ಗಾಲಿಕುರ್ಚಿಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಬರೆದರೆ ಆ ಐದು ಎಲ್ಲಿಂದ ಬಂತು ಅಂತ ಹೇಳಬೇಕು. ಅಮೆರಿಕದಲ್ಲಿ ಹಿರಿಯರಿಗೆ, ಕೆಲವು ಅಂಗವಿಕಲರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ಇಂಥ ಸಾಧನಗಳ ಬಾಳಿಕೆಯನ್ನು ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಅಂತ ಎಣಿಸುತ್ತದೆ. ಆದರೆ ಅದು ದುಡ್ಡು ಕೊಡುವವರ ಲೆಕ್ಕ. ಹಳ್ಳಿಯ ಮಣ್ಣುದಾರಿಯಲ್ಲಿ ದಿನವೂ ಓಡಿಸುವವರ ಕುರ್ಚಿ ಅಷ್ಟು ಬಾಳುತ್ತದಾ ಅಂತ ಪ್ಲಾನರ್ ಯೋಚಿಸಿರಬೇಕು.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬಾ ಹತ್ತಿರ. ಮನೆಯವರು ಮಾಡುವ ಆರೈಕೆ. ಅಮೆರಿಕದಲ್ಲಿರುವ ನಮ್ಮ ಕುಟುಂಬವೊಂದನ್ನು ಯೋಚಿಸಿ. ಮಗುವಿಗೆ ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿದೆ. ಊರಿಂದ ಅಜ್ಜಿ ಬಂದಿದ್ದಾರೆ. ರಾತ್ರಿಯೆಲ್ಲ ಎದ್ದು ಮಗುವನ್ನು ಮಗ್ಗುಲು ಬದಲಿಸಿ ಮಲಗಿಸುತ್ತಾರೆ, ಟ್ಯೂಬಿನಲ್ಲಿ ಹಾಲು ಕೊಡುತ್ತಾರೆ. ಪ್ಲಾನರ್ ಬಂದು ಕೇಳುತ್ತಾರೆ, 'ರಾತ್ರಿ ನರ್ಸ್ ಬೇಕಾ?' ಅಮ್ಮ ಸಂಕೋಚದಿಂದ 'ಬೇಡ, ನಾವೇ ನೋಡಿಕೊಳ್ಳುತ್ತೇವೆ' ಅನ್ನುತ್ತಾರೆ. ಪ್ಲಾನ್‌ನಲ್ಲಿ ರಾತ್ರಿಯ ಆರೈಕೆ ಸೊನ್ನೆ ಅಂತಾಗುತ್ತದೆ. ಸಂದರ್ಶಕರ ವೀಸಾದಲ್ಲಿ ಬಂದ ಅಜ್ಜಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಆಮೇಲೆ? ಮಾನದಂಡ ಇಲ್ಲಿ ನೇರವಾಗಿ ಹೇಳಬೇಕು: 'ಆರೈಕೆಯ ಅಗತ್ಯವನ್ನು ಮೊದಲು ಅಳೆಯಬೇಕು. ಈಗ ಅದನ್ನು ಯಾರು ಪೂರೈಸುತ್ತಿದ್ದಾರೆ ಅನ್ನುವುದನ್ನು ಬೇರೆ ಕಾಲಂನಲ್ಲಿ ಬರೆಯಬೇಕು.' ನಮ್ಮಂಥ ಕುಟುಂಬಗಳಿಗೆ ಈ ಒಂದು ಸಾಲಿನಿಂದ ಆಗುವ ವ್ಯತ್ಯಾಸ ಬಹಳ ದೊಡ್ಡದು.

ಏನು ಬರೆಯಬಾರದು ಅನ್ನುವುದೂ ಇದೆ. ಪ್ಲಾನರ್ ತನ್ನ ಕೆಲಸಕ್ಕೆ ಎಷ್ಟು ಫೀ ತೆಗೆದುಕೊಳ್ಳಬೇಕು ಅಂತ ಮಾನದಂಡದಲ್ಲಿ ಹಾಕಬೇಡಿ. ವಕೀಲರ ಸಂಘವೊಂದು ಕನಿಷ್ಠ ಫೀ ಪಟ್ಟಿ ಇಟ್ಟಿದ್ದು ವ್ಯಾಪಾರದಲ್ಲಿ ಸ್ಪರ್ಧೆ ಕಾಪಾಡುವ ಶರ್ಮನ್ ಕಾಯ್ದೆಗೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲೇ ತೀರ್ಪು ಕೊಟ್ಟಿದೆ. ಸಭೆಯಲ್ಲಿ ಆ ಮಾತು ಶುರುವಾದರೂ ಅಧ್ಯಕ್ಷರು ಅಲ್ಲಿಗೇ ನಿಲ್ಲಿಸಬೇಕು.

6. ಕರಡನ್ನು ಎಲ್ಲರ ಮುಂದಿಡಿ

ಕರಡು ಸಿದ್ಧವಾದ ಮೇಲೆ ಅಭಿಪ್ರಾಯ ಕೇಳಲು ಕನಿಷ್ಠ 45 ದಿನ ಕೊಡಿ, 60 ಆದರೆ ಇನ್ನೂ ಒಳ್ಳೆಯದು. ಹಬ್ಬ, ರಜೆಯ ತಿಂಗಳು ಬೇಡ. ಸದಸ್ಯರಲ್ಲದವರೂ ಬರೆಯಲು ಅವಕಾಶ ಇರಲಿ. ಎರಡೂ ಕಡೆಯ ವಕೀಲರು, ಪುನರ್ವಸತಿ ಆಸ್ಪತ್ರೆಗಳು, ಅಂಗವಿಕಲರ ಸಂಘಟನೆಗಳಿಗೆ ನೀವೇ ಕಳಿಸಿ. ವೆಬ್‌ಸೈಟಿನಲ್ಲಿ ಹಾಕಿ ಸುಮ್ಮನಾದರೆ ಯಾರೂ ನೋಡುವುದಿಲ್ಲ.

ಬಂದ ಪ್ರತಿ ಅಭಿಪ್ರಾಯಕ್ಕೂ ಉತ್ತರ ಬೇಕು. ಒಪ್ಪಿದ್ದೇವೆ, ಭಾಗಶಃ ಒಪ್ಪಿದ್ದೇವೆ, ಒಪ್ಪಿಲ್ಲ. ಯಾವುದಾದರೂ ಸರಿ, ಕಾರಣ ಇರಲಿ. ಆ ಪಟ್ಟಿಯನ್ನು ಮಾನದಂಡದ ಜೊತೆಗೇ ಪ್ರಕಟಿಸಿ. ಒಪ್ಪದ ಸಲಹೆಗೆ ಮರ್ಯಾದೆಯಿಂದ ಕೊಟ್ಟ ಎರಡು ಸಾಲಿನ ಉತ್ತರ, ಆ ಸಲಹೆ ಕೊಟ್ಟವರನ್ನೇ ಮಾನದಂಡದ ಪರ ನಿಲ್ಲಿಸುತ್ತದೆ. ಸಭೆಯ ಟಿಪ್ಪಣಿಗಳನ್ನು ಮುಂದೆ ಕೋರ್ಟಿನಲ್ಲಿ ಯಾರಾದರೂ ಓದಬಹುದು ಅನ್ನುವ ಎಚ್ಚರದಿಂದ ಬರೆಯಿರಿ. ಮುಚ್ಚಿಡಬೇಕಾಗಿಲ್ಲ, ಸ್ಪಷ್ಟವಾಗಿದ್ದರೆ ಸಾಕು.

7. ಪ್ರಕಟಿಸುವಾಗ ದಿನಾಂಕ, ಆವೃತ್ತಿ, ಹಳೆಯ ಪ್ರತಿ

ಮುಖಪುಟದಲ್ಲೇ ಆವೃತ್ತಿ ಸಂಖ್ಯೆ ಮತ್ತು ಜಾರಿಗೆ ಬರುವ ದಿನಾಂಕ ಇರಬೇಕು. ಪ್ರಕಟಣೆಗೂ ಜಾರಿಗೂ ನಡುವೆ ಒಂದಿಷ್ಟು ತಿಂಗಳು ಬಿಡಿ. ಇಲ್ಲದಿದ್ದರೆ ಅರ್ಧ ಬರೆದ ಪ್ಲಾನ್‌ಗಳ ಗತಿ ಏನು? 2019ರಲ್ಲಿ ಬರೆದ ಪ್ಲಾನ್ ಅನ್ನು 2015ರ ಆವೃತ್ತಿಯಿಂದ ಅಳೆಯಬೇಕು, 2022ರದ್ದರಿಂದ ಅಲ್ಲ. ಇದನ್ನು ಮಾನದಂಡದ ಒಳಗೇ ಬರೆಯಿರಿ. ಪ್ರಕರಣಗಳು ವರ್ಷಗಟ್ಟಲೆ ನಡೆಯುತ್ತವೆ. ಆದ್ದರಿಂದ ಹಳೆಯ ಆವೃತ್ತಿಗಳನ್ನು ಅಳಿಸಬಾರದು. 'ಹಿಂದಿನ ಆವೃತ್ತಿ' ಅಂತ ದೊಡ್ಡದಾಗಿ ಗುರುತು ಹಾಕಿ ಅದೇ ಜಾಗದಲ್ಲಿ ಇಡಿ. ಪ್ರತಿ ಹೇಳಿಕೆಗೂ ಸ್ಥಿರ ಸಂಖ್ಯೆ ಕೊಡಿ. ಒಂದನ್ನು ತೆಗೆದರೆ ಆ ಸಂಖ್ಯೆಯನ್ನು ಬೇರೆ ಹೇಳಿಕೆಗೆ ಕೊಡಬೇಡಿ.

ಪಿಡಿಎಫ್ ಮಾಡುವಾಗ ಸ್ಕ್ಯಾನ್ ಮಾಡಿದ ಚಿತ್ರ ಬೇಡ. ಸ್ಕ್ರೀನ್ ರೀಡರ್ ಓದುವಂಥ ನಿಜವಾದ ಪಠ್ಯ, ಶೀರ್ಷಿಕೆಗಳಿಗೆ ಟ್ಯಾಗ್, ಕೋಷ್ಟಕಗಳಿಗೆ ತಲೆಬರಹ ಇರಲಿ. ಅಂಗವಿಕಲರ ಬದುಕಿನ ಬಗ್ಗೆ ಬರೆದ ದಾಖಲೆಯನ್ನು ದೃಷ್ಟಿ ಇಲ್ಲದವರು ಓದಲಾಗದಿದ್ದರೆ ಅದು ಅನ್ಯಾಯ.

ದುಡ್ಡಿನ ಪ್ರಶ್ನೆಯೂ ಬರುತ್ತದೆ. ಮಾನದಂಡವನ್ನು ಸದಸ್ಯರಿಗೆ ಮಾತ್ರ ಕೊಡಬೇಕಾ, ಎಲ್ಲರಿಗೂ ಉಚಿತವಾ? ನನ್ನ ಪ್ರಕಾರ ಮೂಲ ಪಠ್ಯ ಎಲ್ಲರಿಗೂ ಉಚಿತವಾಗಿ ಸಿಗಬೇಕು. ಗಾಯಗೊಂಡವರ ಮನೆಯವರು ತಮ್ಮ ಪ್ಲಾನರ್ ಸರಿಯಾಗಿ ಕೆಲಸ ಮಾಡಿದ್ದಾರಾ ಅಂತ ನೋಡಲು ದುಡ್ಡು ಕಟ್ಟಬೇಕಾಗಬಾರದು. ಸಂಘಕ್ಕೆ ಆದಾಯ ಬೇಕಾದರೆ ತರಬೇತಿಗೆ, ಕಾರ್ಯಾಗಾರಕ್ಕೆ ಶುಲ್ಕ ಇಡಲಿ.

8. ಹಂಚುವುದು ಅಂದರೆ ಬಳಸುವಂತೆ ಮಾಡುವುದು

ಇಮೇಲ್ ಕಳಿಸಿ ಮುಗಿಯಿತು ಅಂದುಕೊಳ್ಳಬೇಡಿ. ಪ್ಲಾನರ್‌ಗಳಿಗೆ ಮೊದಲು ಬೇಕಾಗುವುದು ಏನು ಬದಲಾಯಿತು ಅನ್ನುವ ಒಂದೆರಡು ಪುಟ. ಎಡಗಡೆ ಹಳೆಯ ಸಾಲು, ಬಲಗಡೆ ಹೊಸದು, ಕೆಳಗೆ ಕಾರಣ. ನೀವು ಶುರುವಿನಿಂದ ಸ್ಪ್ರೆಡ್‌ಶೀಟ್ ಇಟ್ಟಿದ್ದರೆ ಇದು ಒಂದು ಸಂಜೆಯ ಕೆಲಸ.

ತರಬೇತಿಯಲ್ಲಿ ಸ್ಲೈಡ್ ಓದಿಸಬೇಡಿ. ಒಂದು ಮಾದರಿ ಪ್ಲಾನ್ ಕೊಟ್ಟು ಹೊಸ ಮಾನದಂಡಕ್ಕೆ ಎಲ್ಲೆಲ್ಲಿ ಹೊಂದುವುದಿಲ್ಲ ಅಂತ ಹುಡುಕಿಸಿ. ಆಮೇಲೆ ಒಬ್ಬರು ವಕೀಲರಾಗಿ ಪಾಟೀಸವಾಲು ಮಾಡಲಿ, ಇನ್ನೊಬ್ಬರು ಉತ್ತರ ಕೊಡಲಿ. ಪ್ರಮಾಣಪತ್ರ ಉಳಿಸಿಕೊಳ್ಳಲು ಹೇಗೂ ಮುಂದುವರಿದ ಶಿಕ್ಷಣ ಬೇಕು, ಈ ತರಬೇತಿಗೆ ಆ ಅಂಕ ಸಿಗುವಂತೆ ಪ್ರಮಾಣೀಕರಿಸುವ ಸಂಸ್ಥೆಗಳ ಜೊತೆ ಮೊದಲೇ ಮಾತಾಡಿ.

ಮಾದರಿ ಪ್ಲಾನ್ ಹಂಚುವಾಗ ಗೌಪ್ಯತೆ ಮುಖ್ಯ. ಹೆಸರು ತೆಗೆದರೆ ಸಾಲದು. ಅಮೆರಿಕದಲ್ಲಿ ವೈದ್ಯಕೀಯ ಮಾಹಿತಿಯ ಗೌಪ್ಯತೆ ಕಾಯುವ ಹಿಪಾ ನಿಯಮದ ಒಂದು ದಾರಿಯಲ್ಲಿ 18 ಬಗೆಯ ಗುರುತುಗಳನ್ನು ತೆಗೆಯಬೇಕು. ಹುಟ್ಟಿದ ದಿನ, ಅಪಘಾತದ ದಿನ, ಊರು, ಫೋಟೋ, ದಾಖಲೆ ಸಂಖ್ಯೆ ಎಲ್ಲವೂ ಅದರಲ್ಲಿ ಬರುತ್ತವೆ. ಅಪರೂಪದ ಗಾಯ, ಸಣ್ಣ ಊರು, ಪತ್ರಿಕೆಯಲ್ಲಿ ಬಂದ ಸುದ್ದಿ, ಮೂರೂ ಸೇರಿದರೆ ಹೆಸರಿಲ್ಲದೆಯೂ ಯಾರು ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಿ ಪೂರ್ತಿ ಕಾಲ್ಪನಿಕ ಪ್ಲಾನ್ ಬರೆಯುವುದೇ ಮೇಲು. ಅದು ಕಾಲ್ಪನಿಕ ಅಂತ ಪ್ರತಿ ಪುಟದಲ್ಲೂ ಹಾಕಿ.

ಕುಟುಂಬಗಳಿಗೆ ಒಂದು ಪುಟ ಬೇರೆ ಬೇಕು. ಪ್ಲಾನರ್ ಏನು ಕೇಳುತ್ತಾರೆ, ನೀವು ಏನು ಕೇಳಬಹುದು, ಯಾವ ದಾಖಲೆ ತೆಗೆದಿಡಬೇಕು, ಮನೆಯವರು ಮಾಡುವ ಕೆಲಸವನ್ನೂ ಯಾಕೆ ಹೇಳಬೇಕು. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಲಿ. ಅಮೆರಿಕದ ಕನ್ನಡ ಕೂಟಗಳಲ್ಲಿ ನರ್ಸ್‌ಗಳು, ವೈದ್ಯರು ಬೇಕಾದಷ್ಟು ಜನ ಇದ್ದಾರೆ. ಇದನ್ನು ಅವರು ಕನ್ನಡಕ್ಕೆ ತಂದರೆ ಆ ಅಜ್ಜಿಗೂ ಓದಲು ಸಿಗುತ್ತದೆ.

9. ಬೇರೆ ದೇಶಕ್ಕೆ ಒಯ್ಯುವಾಗ

ಭಾರತದಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳ ಮುಂದೆ ಇದೇ ಪ್ರಶ್ನೆಗಳು ದಿನವೂ ಬರುತ್ತವೆ. 2020ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಒಂದು ಪ್ರಕರಣ ತೀರ್ಮಾನಿಸಿತು. 12ನೇ ವಯಸ್ಸಿನಲ್ಲಿ ಅಪಘಾತಕ್ಕೆ ಸಿಕ್ಕು ಮೆದುಳಿಗೆ ಭಾರಿ ಪೆಟ್ಟಾಗಿ, ಬದುಕಿಡೀ ಇನ್ನೊಬ್ಬರ ಆಸರೆ ಬೇಕಾದ ಹುಡುಗಿಯ ಪ್ರಕರಣ ಅದು. ಹೈಕೋರ್ಟ್ ನೋಡಿಕೊಳ್ಳುವವರ ಖರ್ಚು ತಿಂಗಳಿಗೆ 2,500 ರೂಪಾಯಿ ಅಂತ ಎಣಿಸಿತ್ತು. ಸುಪ್ರೀಂ ಕೋರ್ಟ್ ಇಬ್ಬರು ಸಹಾಯಕರು, ತಲಾ ತಿಂಗಳಿಗೆ 5,000 ರೂಪಾಯಿ ಅಂತ ತೆಗೆದುಕೊಂಡು, ಒಂದು ವರ್ಷದ ಮೊತ್ತವನ್ನು 18ರಿಂದ ಗುಣಿಸಿ (ಈ ಸಂಖ್ಯೆಗೆ ಗುಣಕ ಅನ್ನುತ್ತಾರೆ) 21.60 ಲಕ್ಷ ರೂಪಾಯಿ ಕೊಟ್ಟಿತು. ಅಷ್ಟು ಸಂಬಳಕ್ಕೆ ಹಗಲೋ ರಾತ್ರಿಯೋ 12 ಗಂಟೆ ನೋಡಿಕೊಳ್ಳುವವರು ಇವತ್ತು ಬೆಂಗಳೂರಿನಲ್ಲಿ ಸಿಗುತ್ತಾರಾ? ಯಾವ ಊರಿನ, ಯಾವ ವರ್ಷದ ದರ ಅಂತ ಆಧಾರ ಸಮೇತ ತೋರಿಸುವ ದಾಖಲೆ ಇಲ್ಲಿಯೂ ಬೇಕು.

ಅಮೆರಿಕದ ಮಾನದಂಡವನ್ನು ಹಾಗೇ ತಂದು ಹಾಕಿದರೆ ನಡೆಯುವುದಿಲ್ಲ. ಅಲ್ಲಿನ ಪ್ಲಾನ್ ಪ್ರತಿ ಬಾಬ್ತಿಗೂ ವರ್ಷ ಲೆಕ್ಕ ಹಾಕುತ್ತದೆ, ಇಲ್ಲಿ ನ್ಯಾಯಮಂಡಳಿ ಗುಣಕ ಬಳಸುತ್ತದೆ. ಹಾಗಾಗಿ ಹೇಳಿಕೆಗಳನ್ನು ಎರಡು ರಾಶಿ ಮಾಡಿ. ಅಗತ್ಯವನ್ನು ಅಳೆಯುವುದು, ಆಧಾರ ಬರೆಯುವುದು, ಮನೆಯವರ ಆರೈಕೆಯನ್ನು ಬೇರೆ ತೋರಿಸುವುದು, ಇವು ಎಲ್ಲಿಗೂ ಹೊಂದುತ್ತವೆ. ಬೆಲೆಯ ಮೂಲ, ಕಾನೂನು, ಅರ್ಹತೆ ಇವನ್ನು ಇಲ್ಲಿನವರೇ ಹೊಸದಾಗಿ ಬರೆಯಬೇಕು. ಯಾವ ಸಾಲಿಗೆ ಏನು ಕಾರಣ ಅಂತ ಬರೆದಿಟ್ಟಿದ್ದರೆ ಈ ಎರಡು ರಾಶಿ ಮಾಡುವುದು ಸುಲಭ.

10. ಬಿಡುಗಡೆಯ ದಿನವೇ ಮುಂದಿನ ಕಡತ ತೆರೆಯಿರಿ

ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆ ಆನ್ಸಿ, ತನ್ನ ಮಾನ್ಯತೆ ಪಡೆದ ಮಾನದಂಡಗಳನ್ನು ಸಾಮಾನ್ಯವಾಗಿ ಐದು ವರ್ಷದೊಳಗೆ ಮತ್ತೆ ಪರಿಶೀಲಿಸಬೇಕು ಅನ್ನುತ್ತದೆ. ನಿಮಗೆ ಅದು ಅನ್ವಯಿಸದಿದ್ದರೂ ಒಳ್ಳೆಯ ಅಳತೆ. ಐದು ವರ್ಷ ಕಾಯಲಾಗದ ವಿಷಯಗಳಿಗೆ ಚಿಕ್ಕ ತಿದ್ದುಪಡಿಯ ದಾರಿ ಇಟ್ಟುಕೊಳ್ಳಿ. ಕಾನೂನು ಬದಲಾದರೆ, ಒಂದು ಸಾಲಿನಿಂದ ರೋಗಿಗೆ ತೊಂದರೆ ಆಗುತ್ತಿದೆ ಅಂತ ಗೊತ್ತಾದರೆ, ಆ ಒಂದು ಹೇಳಿಕೆಯನ್ನು ಮಾತ್ರ ತಿದ್ದಿ ಹೊಸ ದಿನಾಂಕ ಹಾಕಿ ಪ್ರಕಟಿಸಬಹುದು.

ಇದಕ್ಕೆ ಒಬ್ಬರಿಗೆ ಹೊಣೆ ಕೊಡಿ. ಒಂದು ಇಮೇಲ್ ವಿಳಾಸ, ಒಂದು ಹಂಚಿಕೊಂಡ ಪಟ್ಟಿ ಸಾಕು. ಕೋರ್ಟಿನಲ್ಲಿ ಯಾವ ಹೇಳಿಕೆ ಪ್ರಶ್ನೆಗೆ ಸಿಕ್ಕಿತು, ತರಬೇತಿಯಲ್ಲಿ ಯಾವುದು ಅರ್ಥವಾಗಲಿಲ್ಲ, ಯಾವ ಕುಟುಂಬ ಏನು ಕೇಳಿತು ಅನ್ನುವುದೆಲ್ಲ ಹೇಳಿಕೆಯ ಸಂಖ್ಯೆಯ ಮುಂದೆ ದಾಖಲಾಗಲಿ. ಮೂರು ತಿಂಗಳಿಗೊಮ್ಮೆ ಸಮಿತಿಯ ಇಬ್ಬರು ಕೂತು ಓದಲಿ. ಮುಂದಿನ ಪರಿಷ್ಕರಣೆಗೆ ಬರುವವರಿಗೆ ಈ ಪಟ್ಟಿಯನ್ನೂ, ಕಾರಣಗಳಿರುವ ಆ ಸ್ಪ್ರೆಡ್‌ಶೀಟನ್ನೂ ಒಟ್ಟಿಗೆ ಕೊಡಿ.